ಗುರುತಿನ ಚೀಟಿ ಸದಕಾಕ್ಕೆ ಹೋದ ದಿನ

2022ರಲ್ಲಿ ನಾನು ಬೀದರ್ ವಿಮಾನ ನಿಲ್ದಾಣದ ಭದ್ರತೆಯ ಹೊಣೆ ಹೊತ್ತ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದವರಿಗೆ ಅದು ಆರಾಮದ ಜಾಗ ಎಂದು ಜೊತೆಯವರು ಚುಡಾಯಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಂಗಳೂರಿಗೆ ದಿನಕ್ಕೆ ಒಂದೇ ವಿಮಾನ. ಅದು ಬರುವ ಮುಂಚಿನ ಎರಡು ತಾಸು, ಹೋದ ಮೇಲಿನ ಅರ್ಧ ತಾಸು ಬಿಟ್ಟರೆ ಉಳಿದ ಹೊತ್ತಿನಲ್ಲಿ ಗೇಟಿನ ಮುಂದೆ ನಾಯಿಗಳು ನಿಶ್ಚಿಂತೆಯಿಂದ ಮಲಗುತ್ತಿದ್ದವು.

ಆದರೆ ಆ ಎರಡು ತಾಸಿನಲ್ಲಿ ನಾನು ಬೇರೆ ಮನುಷ್ಯ. ಟಿಕೆಟ್ಟಿನಲ್ಲಿ ಇರುವ ಹೆಸರು ಮತ್ತು ಎದುರಿಗೆ ನಿಂತ ಮುಖ ಒಂದೇ ಎಂದು ಖಾತ್ರಿಯಾಗದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆಧಾರ್, ಪಾಸ್‌ಪೋರ್ಟ್, ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಇಂಥ ಯಾವುದಾದರೂ ಒಂದರ ಅಸಲು ಪ್ರತಿ ಬೇಕು. ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ನಡೆಯುವುದಿಲ್ಲ, ಜೆರಾಕ್ಸ್ ನಡೆಯುವುದಿಲ್ಲ. "ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂದು ಒಬ್ಬ ಕಂತ್ರಾಟುದಾರರು ನನಗೆ ಕೇಳುವಂತೆಯೇ ಗೊಣಗಿದ್ದರು. ನಾನು ನಕ್ಕು, ಲೈಸೆನ್ಸ್ ತರಲು ಅವರನ್ನು ಮನೆಗೆ ಕಳಿಸಿದ್ದೆ.

ಆ ಚಳಿಗಾಲದ ಒಂದು ದಿನ ಭಾಲ್ಕಿಯಿಂದ ಮೂವರು ಬಂದರು. ವಿಮಾನಕ್ಕೆ ಇನ್ನೂ ಮೂರು ತಾಸು ಇತ್ತು. ಅಷ್ಟು ಬೇಗ ಬರುವವರು ಮೊದಲ ಸಲ ವಿಮಾನ ಹತ್ತುವವರು ಎಂದು ನಮಗೆ ನೋಡಿದ ಕೂಡಲೇ ತಿಳಿಯುತ್ತದೆ. ಮೂವತ್ತೈದರ ಆಸುಪಾಸಿನ ಗಂಡಸು, ಮುಖ ಊದಿಕೊಂಡಿತ್ತು, ಎಡಗೈಯ ನರ ಹಗ್ಗದ ಹಾಗೆ ಎದ್ದಿತ್ತು. ಅವನ ಹೆಸರು ಖಲೀಲ್, ಭಾಲ್ಕಿಯಲ್ಲಿ ಟೇಲರ್. ಜೊತೆಗೆ ಹೆಂಡತಿ ನಸೀಮ್, ತಾಯಿ ಹಲೀಮಾಬಿ. ಹಾರುವವರು ಗಂಡ ಹೆಂಡತಿ. ತಾಯಿ ಬೀಳ್ಕೊಡಲು ಬಂದವರು.

ನಸೀಮ್ ತನ್ನ ಆಧಾರ್ ಕಾರ್ಡ್ ತೋರಿಸಿದಳು. ಖಲೀಲ್ ಕೈಯನ್ನು ಎದೆಗೆ ಒಯ್ದು ಜೇಬು ಹುಡುಕಿದ. ಮೈಮೇಲೆ ಬರೀ ಅಂಗಿ ಇತ್ತು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮೀ, ನನ್ನ ಜಾಕೆಟ್?" ಎಂದ.

ಉತ್ತರ ಕೊಟ್ಟವಳು ನಸೀಮ್.

ನಡೆದದ್ದು ಇಷ್ಟು. ಖಲೀಲನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಬೀದರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ತೊಳೆಸಿಕೊಳ್ಳುವುದು. ತೀರಿಹೋದವರು ದಾನ ಮಾಡಿದ ಕಿಡ್ನಿಗಾಗಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದ. ಅಂದು ಬೆಳಿಗ್ಗೆ ಫೋನು ಬಂತು: ಹೊಂದುವ ಕಿಡ್ನಿ ಸಿಕ್ಕಿದೆ, ಸಂಜೆಯೊಳಗೆ ಬಂದು ದಾಖಲಾಗಿ, ಆಗದಿದ್ದರೆ ಮುಂದಿನವರನ್ನು ಕರೆಯುತ್ತೇವೆ. ಮನೆಯಲ್ಲಿ ಅಳು, ನಗು, ಗದ್ದಲ ಎಲ್ಲ ಒಟ್ಟಿಗೆ ಎದ್ದವು. ಆ ಗದ್ದಲದಲ್ಲಿ ತಾಯಿ, ಗೂಟಕ್ಕೆ ನೇತು ಹಾಕಿದ್ದ ಮಗನ ಜಾಕೆಟ್ ತೆಗೆದು, ಫೋನಿನಲ್ಲಿ ಮುಳುಗಿದ್ದ ಅವನ ತಲೆಯ ಸುತ್ತ ಹಿಂದಿನಿಂದ ಮೂರು ಸಲ ನಿವಾಳಿಸಿ, ಬಾಗಿಲಿಗೆ ಬಂದಿದ್ದ ಒಬ್ಬ ಫಕೀರನಿಗೆ ಕೊಟ್ಟುಬಿಟ್ಟರು. ಇದು ಸದಕಾ. ಮೈಮೇಲಿನ ಕಂಟಕವೆಲ್ಲ ಇದರ ಜೊತೆ ಹೋಗಲಿ ಎಂದು ಬಡವರಿಗೆ ಕೊಡುವ ದಾನ. ನಮ್ಮ ಮನೆಗಳಲ್ಲೂ ಬೇರೆ ಹೆಸರಿನಿಂದ ಮಾಡುತ್ತೇವೆ.

ಆದರೆ ಆ ಜಾಕೆಟ್ಟಿಗೆ ಖಲೀಲ್ ತಾನೇ ಒಂದು ಒಳಜೇಬು ಹೊಲಿದುಕೊಂಡಿದ್ದ. ಆಸ್ಪತ್ರೆಗೆ ಹೋದಾಗಲೆಲ್ಲ ಕಾರ್ಡು ಕೇಳುತ್ತಾರೆಂದು ಆಧಾರ್, ವೋಟರ್ ಕಾರ್ಡ್, ಲೈಸೆನ್ಸ್ ಎಲ್ಲ ಅದರಲ್ಲೇ ಇಟ್ಟಿದ್ದ. ಎಂದೂ ಕಳೆಯಬಾರದೆಂದು ಮಾಡಿದ ಜಾಗ ಅದು.

"ಆ ಫಕೀರ ಎಲ್ಲಿ ಹೋದ?" ಎಂದು ಕೇಳಿದೆ.

"ಔರಾದ್ ಬಸ್ ಹತ್ತಿದ್ದು ಓಣಿಯವರು ನೋಡ್ಯಾರ್ರಿ," ಎಂದಳು ನಸೀಮ್.

ನನಗೆ ಧೈರ್ಯ ಬಂತು. ಔರಾದ್ ನನ್ನ ತಾಲ್ಲೂಕು. ಠಾಣೆಯವರು, ಬಸ್ ಕಂಡಕ್ಟರುಗಳು ಎಲ್ಲ ಗೊತ್ತಿದ್ದವರು. ಮೊಬೈಲ್ ತೆಗೆದು ನಂಬರ್ ಒತ್ತುವಷ್ಟರಲ್ಲಿ ಹಲೀಮಾಬಿ ನನ್ನ ಎದುರಿಗೆ ಬಂದು ನಿಂತರು.

"ಕೇಳಬ್ಯಾಡ್ರಿ ಸಾಹೇಬ. ಸದಕಾ ಕೊಟ್ಟಿದ್ದು ವಾಪಸ್ ಕೇಳಲ್ಲ. ಕೇಳಿದ್ರ ಆ ಬಲಾ, ಆ ಕಂಟಕ ಭೀ ವಾಪಸ್ ಬರ್ತದ."

"ಖಾಲಾ," ಎಂದೆ, ಚಿಕ್ಕಮ್ಮನನ್ನು ಕರೆಯುವಂತೆ, "ಜಾಕೆಟ್ ಅವರೇ ಇಟ್ಕೊಳ್ಳಲಿ. ನಮಗ ಬರೀ ಕಾರ್ಡ್ ಸಾಕು."

"ಕೊಟ್ಟಾಗ ಒಳಗ ಏನಿತ್ತೋ ಅದೂ ಕೊಟ್ಟಂಗೇ, ಸಾಹೇಬ."

ಸುಳ್ಳೇಕೆ ಹೇಳಲಿ, ನನಗೆ ವಿಪರೀತ ಸಿಟ್ಟು ಬಂತು. ಮಗ ಸಾಯುವುದು ಬದುಕುವುದು ಒಂದು ಕಾರ್ಡಿನ ಮೇಲೆ ನಿಂತಿರುವಾಗ ಇದೆಂಥ ಹಟ ಎನಿಸಿತು. ನಿಜ ಹೇಳಬೇಕೆಂದರೆ ಫಕೀರ ಸಿಕ್ಕರೂ ಔರಾದಿನಿಂದ ಕಾರ್ಡು ಹೊತ್ತಿಗೆ ಸರಿಯಾಗಿ ಬರುವುದು ಕಷ್ಟವೇ ಇತ್ತು. ಮೊಬೈಲ್ ಜೇಬಿಗೆ ಹಾಕಿದೆ.

ಉಳಿದ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಸರ್ಕಾರಿ ಆ್ಯಪ್‌ನಲ್ಲಿ ಆಧಾರ್ ತೆರೆದು ತೋರಿಸಿದರೆ ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರಿಗೆ ಒಂದು ಗುಪ್ತ ಸಂಖ್ಯೆ ಬರಬೇಕು, ಖಲೀಲನ ಆ ಹಳೇ ನಂಬರ್ ಎಂದೋ ಬಂದ್ ಆಗಿತ್ತು. ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ನಡೆಯುತ್ತದೆ. ಅವನ ಖಾತೆ ಇದ್ದದ್ದು ಊರಿನ ಸಹಕಾರ ಸಂಘದಲ್ಲಿ. "ನೀವೇ ಪೊಲೀಸರು ಇದ್ದೀರಲ್ರಿ, ಕಳದದ ಅಂತ ಕಂಪ್ಲೇಂಟ್ ಬರ್ಕೊಂಡು ಒಂದು ಕಾಗದ ಕೊಡ್ರಿ," ಎಂದಳು ನಸೀಮ್. ಬಹಳ ಜನ ಹಾಗೇ ತಿಳಿದಿದ್ದಾರೆ. ಪೊಲೀಸ್ ಕೊಡುವ ಆ ಸ್ವೀಕೃತಿ ಕಾರ್ಡು ಕಳೆದಿದೆ ಎಂದು ಹೇಳುತ್ತದೆಯೇ ಹೊರತು ಕಳೆದುಕೊಂಡವನು ಯಾರು ಎಂದು ಹೇಳುವುದಿಲ್ಲ. ಹೈದರಾಬಾದಿಗೆ ಓಡಿದರೆ ಅಲ್ಲಿಯ ಗೇಟೂ ಇದನ್ನೇ ಕೇಳುತ್ತದೆ. ಬಸ್ಸು, ರೈಲು ಮುಟ್ಟುವುದು ಮರುದಿನ ಬೆಳಿಗ್ಗೆ.

ಗೇಟಿನಲ್ಲಿದ್ದ ಕಾನ್‌ಸ್ಟೇಬಲ್ ಬಸವರಾಜ ನನ್ನನ್ನು ಪಕ್ಕಕ್ಕೆ ಕರೆದ. "ಸರ, ಬಿಟ್ಬಿಡ್ರಿ. ಜೀವದ ಪ್ರಶ್ನಿ ಅದ. ಮುಖ ನೋಡಿದ್ರೇ ಗೊತ್ತಾಗ್ತದ ಸುಳ್ಳ ಮನಷ್ಯಾ ಅಲ್ಲಂತ."

ಅವನಿಗೆ ಜೋರಾಗಿಯೇ ಬೈದೆ. ಬೈದದ್ದು ಯಾಕೆಂದರೆ ಅದೇ ಮಾತು ನನ್ನ ಮನಸ್ಸಿನಲ್ಲೂ ಬಂದಿತ್ತು. ಈ ನಿಲ್ದಾಣ ವಾಯುಪಡೆಯ ನೆಲದಲ್ಲಿದೆ. ಇಂದು ಅಯ್ಯೋ ಪಾಪ ಎಂದು ಒಬ್ಬನನ್ನು ಬಿಟ್ಟರೆ, ನಾಳೆ ಅಯ್ಯೋ ಪಾಪ ಎನ್ನುವಂತೆ ನಟಿಸುವವನು ಬಂದು ನಿಲ್ಲುತ್ತಾನೆ. ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲೆನೆಂದು ಮೆರೆದ ಪೊಲೀಸರು ಎಷ್ಟು ಸಲ ಮಣ್ಣು ಮುಕ್ಕಿದ್ದಾರೆಂದು ನನ್ನ ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದೆ.

ಖಲೀಲ್ ನನ್ನನ್ನು ಬೇಡಲಿಲ್ಲ. ಹೆಂಡತಿಗೆ, "ಅಳಬ್ಯಾಡ. ನಾ ಹೋಗಲಿಲ್ಲಂದ್ರ ಆ ಕಿಡ್ನಿ ಇನ್ನೊಬ್ಬರಿಗಿ ಹೋಗ್ತದ, ಹಾಳಾಗಲ್ಲ," ಎನ್ನುತ್ತಿದ್ದ. ಅದನ್ನು ಕೇಳಿದ್ದೇ, ಈ ಮನುಷ್ಯನನ್ನು ಇವತ್ತು ಕಳಿಸಿಯೇ ತೀರುತ್ತೇನೆ, ಅದೂ ನೆಟ್ಟಗೆ ಮುಂಬಾಗಿಲಿನಿಂದ, ಎಂದು ನಿಶ್ಚಯಿಸಿದೆ.

ಕೋಣೆಗೆ ಹೋಗಿ ಗುರುತಿನ ಚೀಟಿಗಳ ನಿಯಮದ ಪ್ರತಿ ತೆಗೆದೆ. ಗೇಟಿನಲ್ಲಿ ನಿಂತು ನಿಂತು ನಮಗೆಲ್ಲ ಮೇಲಿನ ನಾಲ್ಕು ಹೆಸರು ಬಾಯಿಪಾಠ, ಕೆಳಗೆ ಕಣ್ಣು ಹೋಗುವುದೇ ಇಲ್ಲ. ಕೊನೆಯಲ್ಲಿ ಹೀಗೊಂದು ಮಾತಿತ್ತು: ಕಾರಣಾಂತರದಿಂದ ಯಾವ ಚೀಟಿಯೂ ಇಲ್ಲದವರು, ಗ್ರೂಪ್ ಎ ಗೆಜೆಟೆಡ್ ಅಧಿಕಾರಿಯೊಬ್ಬರು ತಮ್ಮ ಲೆಟರ್‌ಹೆಡ್ ಮೇಲೆ ಫೋಟೋ ದೃಢೀಕರಿಸಿ ಕೊಟ್ಟ ಗುರುತಿನ ಪ್ರಮಾಣಪತ್ರ ತೋರಿಸಿ ಪ್ರಯಾಣ ಮಾಡಬಹುದು. ಗ್ರೂಪ್ ಎ ಎಂದರೆ ಸರ್ಕಾರದ ಮೇಲಿನ ದರ್ಜೆಯ ಅಧಿಕಾರಿ. ಭಾಲ್ಕಿಯ ಟೇಲರ್‌ಗೆ ಅಂಥವರ ಪರಿಚಯ ಎಲ್ಲಿಂದ ಬರಬೇಕು?

ಪರಿಚಯ ಇತ್ತು. ಅವನಿಗೇ ಅದು ತಿಳಿದಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ತಜ್ಞ ವೈದ್ಯರು ಗ್ರೂಪ್ ಎ ಅಧಿಕಾರಿಗಳು. ಡಯಾಲಿಸಿಸ್ ವಿಭಾಗದ ಡಾಕ್ಟರು ಮೈಸೂರು ಕಡೆಯವರು, ಇವನನ್ನು ಮೂರು ವರ್ಷದಿಂದ ನೋಡುತ್ತಿದ್ದವರು. ಖಲೀಲನ ಮೊಬೈಲಿನಿಂದಲೇ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ.

"ಇನ್ಸ್‌ಪೆಕ್ಟ್ರೇ, ನಾನು ಡಾಕ್ಟ್ರು. ಕಾಯಿಲೆಗೆ ಬೇಕಾದ್ರೆ ಸರ್ಟಿಫಿಕೇಟ್ ಕೊಡ್ತೀನಿ. ಮನುಷ್ಯ ಯಾರು ಅಂತ ಕೊಡೋಕೆ ನಂಗೆಲ್ಲಿ ಅಧಿಕಾರ ಇದೆ?" ಎಂದರು.

ನಿಯಮದ ಆ ಭಾಗವನ್ನು ಅವರಿಗೆ ಓದಿ ಹೇಳಿದೆ. "ಅಧಿಕಾರ ಅದ ಸರ್. ಗೊತ್ತಿಲ್ಲದವರಿಗೆ ಕೊಡ್ರಿ ಅಂತ ನಾನು ಕೇಳಂಗಿಲ್ಲ. ಇಂವ ನಿಮಗ ಗೊತ್ತಿದ್ದಾನೋ ಇಲ್ಲೋ, ಅದಷ್ಟೇ ಹೇಳ್ರಿ."

"ನಮ್ಮಣ್ಣನ ಮುಖನೂ ನಾನು ಇಷ್ಟು ಸಲ ನೋಡಿಲ್ಲ. ಕಳಿಸಿ ಬೇಗ," ಎಂದರು.

ಬಸವರಾಜ ಜೀಪು ತೆಗೆದ. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಹೋಗು, ದಾರಿಯಲ್ಲಿ ಸ್ಟುಡಿಯೋ ಮುಂದೆ ನಿಲ್ಲಿಸಿ ಹೊಸ ಫೋಟೋ ತೆಗೆಸು ಎಂದೆ. ಹಳೆಯ ಫೋಟೋದಲ್ಲಿ ಅವನ ಮುಖ ಹೀಗೆ ಊದಿರಲಿಲ್ಲ. ಸೀಲು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕೆಂದು ಎರಡೆರಡು ಸಲ ಹೇಳಿ ಕಳಿಸಿದೆ.

ಗೇಟಿನ ಹೊರಗೆ ನಾನು, ಹಲೀಮಾಬಿ ಇಬ್ಬರೇ ಉಳಿದೆವು. ಚಹಾ ತರಿಸಿದೆ. ಅವರು ಲೋಟ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ.

"ನನ್ನ ಮ್ಯಾಲ ಗುಸ್ಸಾ ಅದ ನಿಮಗ," ಎಂದರು.

"ಅದ ಖಾಲಾ," ಎಂದೆ.

"ನನ್ನ ಕಿಡ್ನಿ ತಗೋರಿ ಅಂತ ನಾ ಡಾಕ್ಟರ ಕಾಲು ಬಿದ್ದಿದ್ದಾ. ಶಕ್ಕರ್ ಬ್ಯಾನಿ ಅದ, ನಿಂದು ನಡಿಯಲ್ಲ ಅಂದ್ರು. ಸೊಸಿಂದೂ ಕೂಡಲಿಲ್ಲ. ಮೂರು ವರ್ಷ ಅವನಿಗಿ ಕೊಡ್ಲಿಕ್ಕ ನನ್ನ ಕಡಿ ಏನೂ ಇದ್ದಿಲ್ಲ. ಇವತ್ತು ನಾ ಆ ಸದಕಾ ಕೊಟ್ಟಾ. ಅದೊಂದು ಭೀ ವಾಪಸ್ ತಗೋ ಅಂದ್ರ, ಹ್ಯಾಂಗ ತಗೊಳ್ಳಲಿ ಸಾಹೇಬ?"

ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅಷ್ಟು ಹೊತ್ತು ನಾನು ಅದನ್ನು ಮೂಢನಂಬಿಕೆ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಕಣ್ಣು ತುಂಬಿ ಬಂತು; ಪೊಲೀಸಿನವನಾದ್ದರಿಂದ ಟೊಪ್ಪಿಗೆ ಸರಿಮಾಡಿಕೊಳ್ಳುವವನಂತೆ ಮುಖ ತಿರುಗಿಸಿದೆ. ಆ ಜಾಕೆಟ್ ಇಂದು ಯಾರ ಮೈಮೇಲಿದೆಯೋ ಗೊತ್ತಿಲ್ಲ. ಔರಾದಿನಲ್ಲಿ ವಿಚಾರಿಸುವುದು ನನಗೆ ದೊಡ್ಡ ಕೆಲಸವಾಗಿರಲಿಲ್ಲ. ಮುಂದೆಯೂ ನಾನು ವಿಚಾರಿಸಲಿಲ್ಲ, ಖಲೀಲ್ ಹೊಸ ಕಾರ್ಡುಗಳನ್ನೇ ಮಾಡಿಸಿಕೊಂಡ.

ವಿಮಾನ ಬಂದು ಇಳಿಯಿತು. ಬೇರೆ ಪ್ರಯಾಣಿಕರೆಲ್ಲ ಒಳಗೆ ಹೋದರು. ಟಿಕೆಟ್ ಕೌಂಟರಿನ ಹುಡುಗಿ ಹೊರಗೆ ಬಂದು, ಇನ್ನು ಸ್ವಲ್ಪ ಹೊತ್ತಿಗೆ ಕೌಂಟರ್ ಮುಚ್ಚಬೇಕು ಎಂದು ಮೆಲ್ಲಗೆ ಹೇಳಿದಳು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ವಿಮಾನ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ, ಇರದಿದ್ದದ್ದೇ ಒಳ್ಳೆಯದು.

ಕೊನೆಗೆ ಜೀಪು ಧೂಳೆಬ್ಬಿಸುತ್ತ ಬಂತು. ಬಸವರಾಜ ಓಡಿ ಬಂದು ಕಾಗದ ಕೊಟ್ಟ, "ಬರೋಬ್ಬರಿ ಅದ ಸರ, ನೋಡೂದೇ ಬ್ಯಾಡ" ಎಂದ. ಆದರೂ ನಾನು ನೋಡಿದೆ. ಲೆಟರ್‌ಹೆಡ್, ಹೆಸರು, ತಂದೆಯ ಹೆಸರು, ಊರು, ಫೋಟೋದ ಮೇಲೆ ಅರ್ಧ ಬಿದ್ದ ಸೀಲು, ಸಹಿ, ಹುದ್ದೆ. ಟಿಕೆಟ್ಟಿನ ಹೆಸರಿಗೆ ತಾಳೆ ಹಾಕಿದೆ. ಫೋಟೋ ನೋಡಿ ಖಲೀಲನ ಮುಖ ನೋಡಿದೆ. ಎಲ್ಲರನ್ನೂ ಹೇಗೆ ನೋಡುತ್ತಿದ್ದೆನೋ ಹಾಗೆಯೇ ನೋಡಿ, "ಹೋಗ್ರಿ" ಎಂದೆ.

ಹಲೀಮಾಬಿ ಮಗನ ಮುಖಕ್ಕೆ ಎರಡೂ ಕೈ ಸವರಿ, ತಮ್ಮ ಕಣತಲೆಗೆ ಒತ್ತಿ ನೆಟಿಕೆ ಮುರಿದರು. ಗಂಡ ಹೆಂಡತಿ ಒಳಗೆ ಹೋದರು. ವಿಮಾನ ಏರುವವರೆಗೂ ಮುದುಕಿ ಕುಳಿತಲ್ಲಿಂದ ಏಳಲಿಲ್ಲ. ಅವರನ್ನು ಭಾಲ್ಕಿ ಬಸ್ಸಿಗೆ ಬಸವರಾಜನೇ ಹತ್ತಿಸಿ ಬಂದ.

ಸಂಜೆ ನಸೀಮಳ ಫೋನ್ ಬಂತು. ಬಸವರಾಜ ನನ್ನ ಪಕ್ಕದಲ್ಲೇ ಇದ್ದ, ಸ್ಪೀಕರ್ ಹಾಕಿದೆ.

"ಸಾಹೇಬ, ಅವ್ರಿಗಿ ಒಳಗ ಕರ್ಕೊಂಡು ಹೋದ್ರು. ಇಲ್ಲಿ ಭೀ ಗುರ್ತಿನ ಕಾರ್ಡ್ ಕೇಳಿದ್ರು. ಬ್ಯಾರೇದವರ ಕಿಡ್ನಿ ಹಾಕೂದು ಅದ, ಈ ಮನಷ್ಯಾ ಅವನೇ ಅಂತ ಕಾಗದ ಇಲ್ದ ಆಪ್ರೇಶನ್ ಮಾಡಲ್ಲ ಅಂದ್ರು. ನನಗ ಜೀವಾನೇ ಹೋದಂಗಾಯ್ತು. ಆಮ್ಯಾಲ ನಾ ಬೀದರ್ ಡಾಕ್ಟರು ಕೊಟ್ಟ ಆ ಕಾಗದ ತೋರ್ಸಿದಾ. ಇಲ್ಲಿಯವರೇ ಆ ಡಾಕ್ಟರಿಗಿ ಫೋನ್ ಮಾಡಿ ಕೇಳ್ಕೊಂಡು, ನಡಿತದ ಅಂದ್ರು."

ಬಸವರಾಜ ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಆಸ್ಪತ್ರೆಯಲ್ಲೂ ಒಂದು ಗೇಟು ಇದೆಯೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನಾನು ಜಾಣನೆಂದು ಹೇಳಿಕೊಳ್ಳುವಂತೆಯೂ ಇಲ್ಲ, ನಾನು ಹಟ ಹಿಡಿದದ್ದು ನನ್ನ ಗೇಟಿಗಾಗಿ ಮಾತ್ರ.

ಆಪರೇಷನ್ ಸರಿಹೋಯಿತು. ಖಲೀಲ್ ಈಗ ತನ್ನ ಅಂಗಡಿಯಲ್ಲಿ ಕುಳಿತು ಹೊಲಿಯುತ್ತಾನೆ. ಹಲೀಮಾಬಿ ಅದು ಸದಕಾದಿಂದ ಆಯಿತೆನ್ನುತ್ತಾರೆ, ನಾನು ವಾದಿಸುವುದಿಲ್ಲ.

ಮುಂದೆ ಗೇಟಿಗೆ ಬಂದ ಹೊಸ ಸಿಬ್ಬಂದಿಗೆಲ್ಲ ನಾನು ಹೇಳಿದ್ದು ಒಂದೇ. ಇಲ್ಲ ಎನ್ನುವ ಮುಂಚೆ ನಿಯಮವನ್ನು ಕೊನೆಯವರೆಗೆ ಓದಿರಿ. ಅದನ್ನು ಬರೆದವರಿಗೂ ಮನೆಮಂದಿ ಇದ್ದಾರೆ, ಎಲ್ಲೋ ಒಂದು ದಾರಿ ಬಿಟ್ಟೇ ಇರುತ್ತಾರೆ. ಕನಿಕರ ಬಂದರೆ ಆ ದಾರಿ ಹುಡುಕಲು ಓಡಾಡಿರಿ, ಕಣ್ಣು ಮುಚ್ಚಿಕೊಳ್ಳಬೇಡಿರಿ. ಅಂದು ಕಣ್ಣು ಮುಚ್ಚಿಕೊಂಡಿದ್ದರೆ ಖಲೀಲ್ ಬೆಂಗಳೂರು ಮುಟ್ಟುತ್ತಿದ್ದ, ಆ ಕಿಡ್ನಿ ಅವನನ್ನು ಮುಟ್ಟುತ್ತಿರಲಿಲ್ಲ.