ಪುಟ್ಟಿ ಎಂಬ ಬೈಗುಳ

ಕಳ್ಳ ಅಂದಿದ್ದರೂ ಟಿಂಕರ್ ಹಿದಾಯತ್‌ಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಬಕ್ಕೇಶಪ್ಪ 'ಪುಟ್ಟಿ ಮೆತ್ತಿ ಕೊಟ್ಟಿದಾನೆ' ಅಂದುಬಿಟ್ಟಿದ್ದ. ಆ ಮಾತು ಇವತ್ತಿಗೂ ಎದೆಯಲ್ಲಿ ಮುರಿದ ಮುಳ್ಳು. ತುಕ್ಕು ತಿಂದ ತಗಡನ್ನು ಕತ್ತರಿಸಿ ತೆಗೆಯದೆ, ಮೇಲೆ ತೂತು ಮುಚ್ಚುವ ಪುಟ್ಟಿ ಹಿಟ್ಟು ಬಳಿದು ಬಣ್ಣ ಹೊಡೆಯುವುದೆಂದರೆ ಟಿಂಕರ್ ಕೆಲಸದಲ್ಲಿ ಉಂಡ ಮನೆಗೆ ಎರಡು ಬಗೆದಂತೆ.

ಗಾಡಿ ಬಕ್ಕೇಶಪ್ಪನ ಅಪ್ಪನ ಕಾಲದ ಮೆಟಡಾರ್. ಹಿಂದಿನ ಸೀಟು ಕಿತ್ತು, ಮಲಗಲು ಹಲಗೆ, ಒಲೆ ಇಡಲು ಕಟ್ಟೆ ಮಾಡಿಸಿದ್ದರು. ದಾವಣಗೆರೆಯ ಸಾವ್ಕಾರ ಬಕ್ಕೇಶಪ್ಪನ ಮನೆಯವರು ಅದರಲ್ಲೇ ಉಂಡು, ಅದರಲ್ಲೇ ಮಲಗಿ ಗೋಕರ್ಣದವರೆಗೆ ಹೋಗಿ ಬಂದವರು. ಮುಂದಿನ ಗಾಜಿನ ಕೆಳಗೆ ಬೆರಳು ತೂರುವಷ್ಟು ತುಕ್ಕು ತಿಂದಾಗ ಅದು ಹರಿಹರದ ಹಿದಾಯತ್ ಶೆಡ್ಡಿಗೆ ಬಂತು. ಅವನು ಹಳೇ ತಗಡು ಕತ್ತರಿಸಿ ಒಗೆದು, ಹೊಸದನ್ನು ಬಡಿದು ಬಗ್ಗಿಸಿ, ವೆಲ್ಡಿಂಗ್ ಮಾಡಿ ಕೊಟ್ಟ. ವರ್ಷ ತುಂಬುವುದರೊಳಗೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿತು. ಹಿದಾಯತ್ ಪುಟ್ಟಿ ಮೆತ್ತಿ ಮೋಸ ಮಾಡಿದ ಎಂದು ಬಕ್ಕೇಶಪ್ಪ ಎರಡೂ ಊರಲ್ಲಿ ಡಂಗುರ ಸಾರಿದ.

ಅದನ್ನು ಕೇಳಿ, ಶೆಡ್ಡಿನಲ್ಲಿ ಅರ್ಧ ಕೆಲಸವಾಗಿದ್ದ ಶಾಲೆ ವ್ಯಾನನ್ನು ಅದರ ಮಾಲೀಕ ಅಂಜನಕುಮಾರ ವಾಪಸ್ ಒಯ್ಯುತ್ತೇನೆ ಎಂದು ನಿಂತ. ಹಿದಾಯತ್ ಸಿಟ್ಟಿನಲ್ಲಿ ಸುತ್ತಿಗೆ ಎಸೆದು ತನ್ನದೇ ಚಹದ ಲೋಟ ಒಡೆದುಕೊಂಡ. ಒಂದು ದಿನ ತಡೆಯಿರಿ ಎಂದು ಅಂಜನಕುಮಾರನ ಕೈ ಹಿಡಿದ. ಧೈರ್ಯವಿದ್ದರೆ ಗಾಡಿ ತಗೊಂಡು ಬಾ ಎಂದು ಬಕ್ಕೇಶಪ್ಪನಿಗೆ ಫೋನು ಹಚ್ಚಿದ.

ಬಕ್ಕೇಶಪ್ಪ ಬಂದ. ಹರಿಹರೇಶ್ವರನ ಗುಡಿಗೆಂದು ಹೊರಟಿದ್ದ ಹೆಂಡತಿ ಅನ್ನಪೂರ್ಣಮ್ಮನೂ ಜೊತೆಗಿದ್ದರು. ಹಿದಾಯತ್ ಎಲ್ಲರೆದುರು ಬಣ್ಣ ಕೆರೆದ. ಪುಟ್ಟಿಯ ಚೂರೂ ಇಲ್ಲ. ಅವನು ಕೂರಿಸಿದ ತಗಡೇ, ಒಳಗಿನಿಂದ ಕೊಳೆತಿತ್ತು. ಗಾಜಿನ ಬುಡದ ಗಾಳಿ ಜಾಲರಿ ಬಿಚ್ಚಿದ. ಒಳಗೆ ಹುಳಿ ವಾಸನೆಯ ಕಪ್ಪು ನೀರು ನಿಂತಿತ್ತು. ನೀರಿಳಿಯುವ ತೂತಿಗೆ ತೆಂಗಿನ ನಾರು, ನೆಂದ ಕುಂಕುಮ, ಹೂವು ಸೇರಿ ಬಿರಡೆಯಾಗಿತ್ತು. ಪ್ರತಿ ಅಮಾವಾಸ್ಯೆ ಗಾಡಿ ಪೂಜೆಗೆ ಕಾಯಿ ಒಡೆದು ಬಕ್ಕೇಶಪ್ಪ ನೀರನ್ನು ಅಲ್ಲೇ ಸುರಿಯುತ್ತಿದ್ದ.

ಊರೆಲ್ಲ ಕೇಳುವಂತೆ ಕೂಗಾಡುವ ಹಿದಾಯತ್‌ನ ನಾಲಗೆ ಈಗ ಹಿಡಿದುಕೊಂಡಿತು. ಪೂಜೆಯಿಂದ ಗಾಡಿ ಕೆಟ್ಟಿತು ಅಂತ ಸಾಬರ ಬಾಯಲ್ಲಿ ಬಂದರೆ ನಾಳೆ ಪೇಟೆಯಲ್ಲಿ ಅದು ಏನಾಗಿ ತಿರುಗುತ್ತದೋ.

"ಯಾಕ ಸಾಬ್ರೆ, ಬಾಯಿ ಬಿದ್ದೋತಾ?" ಎಂದ ಬಕ್ಕೇಶಪ್ಪ.

ಅನ್ನಪೂರ್ಣಮ್ಮ ಗಾಡಿಯಿಂದಿಳಿದು ಬಂದು, ತೂತಿನೊಳಗೆ ಬೆರಳು ಹಾಕಿ ನಾರು ಎಳೆದು ಗಂಡನ ಕಡೆ ತಿರುಗಿದರು. "ಕಾಯಿ ನೀರು ಚಕ್ರಕ್ಕೆ ಹಾಕ್ರಿ ಅಂತ ಎಷ್ಟು ಸಲ ಬಡ್ಕಂಡೆ. ಜಾಲರಿಯೊಳಗೆ ಸುರಿ ಅಂತ ಯಾವ ದೇವ್ರು ಹೇಳೈತ್ರಿ? ಗಾಡಿ ಕೆಡಿಸಿದ್ದು ನಿಮ್ಮ ಕೈ, ಇವರದಲ್ಲ."

ಅಂಜನಕುಮಾರ ಕಿಸಕ್ಕನೆ ನಕ್ಕ. ಆ ನಗು ಬಕ್ಕೇಶಪ್ಪನಿಗೆ ನಾಟಿತು. ಹೆಂಡತಿಯನ್ನು ಅಲ್ಲೇ ಬಿಟ್ಟು ಗಾಡಿ ಹೊಡೆದುಕೊಂಡು ಹೋದ. ಹಿದಾಯತ್ ಅದರ ಹಿಂದೆ ರಸ್ತೆವರೆಗೂ ಓಡಿ ಬೈದ. ಬಾಯಿ ಬತ್ತಿ ತಿರುಗಿ ನೋಡಿದರೆ ಅನ್ನಪೂರ್ಣಮ್ಮ ಒಬ್ಬರೇ ದಾವಣಗೆರೆ ಬಸ್ಸು ಹತ್ತುತ್ತಿದ್ದರು. ಕೂಡ್ರಿ ಅಮ್ಮಾ, ಒಂದು ಲೋಟ ನೀರು ಕುಡೀರಿ ಅನ್ನಲಿಕ್ಕೂ ಆಗಿರಲಿಲ್ಲ.

ಶಾಲೆ ವ್ಯಾನು ಶೆಡ್ಡಿನಲ್ಲೇ ಉಳಿಯಿತು, ಕೆಲಸ ಮತ್ತೆ ಬಂತು. ಬಕ್ಕೇಶಪ್ಪ ಮಾತ್ರ ಆಮೇಲೆ ಹೆಂಡತಿಯನ್ನು ಆ ಗಾಡಿಗೆ ಹತ್ತಿಸಿಕೊಳ್ಳಲಿಲ್ಲವಂತೆ. ಮುಂದಿನ ಸಲ ಗೋಕರ್ಣಕ್ಕೆ ಗೆಳೆಯರ ಜೊತೆ ಹೋದನಂತೆ. ಅದನ್ನು ಕೇಳಿದ ದಿನ ಹಿದಾಯತ್ ದಾವಣಗೆರೆಗೆ, ಅನ್ನಪೂರ್ಣಮ್ಮನವರ ಮನೆವರೆಗೆ ಹೋದ. ಬಾಗಿಲಲ್ಲಿ ಬಕ್ಕೇಶಪ್ಪನೇ ಕೂತಿದ್ದ. "ಏನು?" ಎಂದ. ಹಿದಾಯತ್‌ಗೆ ಸಿಟ್ಟು ನೆತ್ತಿಗೇರಿತು. ಆ ಹೆಣ್ಣುಮಗಳಿಗೆ ಹೇಳಬೇಕಿದ್ದ ಉಪಕಾರದ ಮಾತನ್ನು ಇವನ ಮುಂದೆ ಆಡಲಾರದೆ, ಏನಿಲ್ಲ ಎಂದು ತನ್ನ ಬೈಕು ತಿರುಗಿಸಿದ.