ಮಾರುತೇಶ ಮೇಷ್ಟ್ರ ಓಡುವ ಜೋಗುಳ

“ಅವ್ವಾ, ಮೇಷ್ಟ್ರು ಆ ಹಾಡಲ್ಲಿ ಪಾಪುನ ಮಲಗಿಸ್ತಾರಾ, ಎಬ್ಬಿಸ್ತಾರಾ?” ಎಂದು ರಶ್ಮಿತಾ ಇವತ್ತು ಮುದ್ದೆ ಮುರಿಯುತ್ತ ಕೇಳಿದಳು. ಐದು ವರ್ಷದ ನನ್ನ ಮಗಳಿಗೆ ಹೊಳೆದದ್ದು ಐವತ್ತೆಂಟರ ಮಾರುತೇಶ ಮೇಷ್ಟ್ರಿಗೆ ಎರಡು ತಿಂಗಳಾದರೂ ಹೊಳೆದಿರಲಿಲ್ಲ.

ಮೇಷ್ಟ್ರು ಪರಶುರಾಂಪುರದ ಕಡೆಯವರು. ಚಳ್ಳಕೆರೆಯ ಶಾಲೆಯೊಂದರಲ್ಲಿ ಪ್ರಾರ್ಥನೆ ಹೇಳಿಕೊಡುತ್ತ, ಮದುವೆ ಮನೆಗಳಲ್ಲಿ ಹಾರ್ಮೋನಿಯಂ ಬಾರಿಸುತ್ತ ಮೂವತ್ತು ವರ್ಷ ಕಳೆದವರು. ಇನ್ನೊಬ್ಬರ ಹಾಡಿಗೆ ಪೆಟ್ಟಿಗೆ ಒತ್ತಿದ್ದೇ ಬಂತು, ತಮ್ಮದು ಅಂತ ಒಂದು ಹಾಡೂ ಇರಲಿಲ್ಲ. ಹೋದ ವರ್ಷ ಮೈಸೂರಿನಲ್ಲಿ ಹತ್ತು ದಿನದ ಶಿಬಿರಕ್ಕೆ ಹೋದರು ನೋಡಿ, ಬರುವಾಗ ಗತಿ ತೋರಿಸುವ ಒಂದು ಕೋಲು, ಫೋನಿನಲ್ಲಿ ಟಕ್ ಟಕ್ ಎಂದು ತಾಳ ಎಣಿಸುವ ಆ್ಯಪ್ ಮತ್ತು ‘ಸಮಕಾಲೀನ ವೃಂದಗಾನ’ ಎಂಬ ಮಾತು ತಂದರು. ಮಾತು ಬಾಯಿಗೆ ಬಂದಿತ್ತು, ಹೊಟ್ಟೆಗೆ ಇಳಿದಿರಲಿಲ್ಲ.

ಹದಿನಾಲ್ಕು ಜನ ಹೆಂಗಸರಿಗೆ ಎರಡೂವರೆ ನಿಮಿಷದ ಒಂದು ಜೋಗುಳ ಕಟ್ಟಿದರು. ಒಂದು ಗುಂಪು ‘ಜೋ’ ಎಂದು ಒಂದೇ ಸ್ವರ ಹಿಡಿದಿರಬೇಕು, ಇನ್ನೊಂದು ಗುಂಪು ಸಾಲುಗಳನ್ನು ಹಾಡಬೇಕು, ಮೂರನೆಯದು ಹಿಂದಿನಿಂದ ಓಗೊಡಬೇಕು. ರಾಗ ಚೆನ್ನಾಗಿಯೇ ಇದೆ. ಅದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಶ್ರುತಿ ಇಟ್ಟದ್ದು ಹಾರ್ಮೋನಿಯಂನ ಕರಿ ಒಂದನೇ ಮನೆಗೆ, ಗಂಡಸರ ಶ್ರುತಿಗೆ. ನಮ್ಮ ಗಂಟಲಿಗೆ ಹಿತವಾದದ್ದು ಅದಕ್ಕಿಂತ ತಗ್ಗಿನ ಬಿಳಿ ಐದು. ಕರಿ ಒಂದರಲ್ಲಿ ಮೇಲಿನ ಸ್ವರಕ್ಕೆ ಹೋದರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತದೆ. ಹೆಂಗಸರು ಕಿರುಚಿಕೊಳ್ಳಲಿ, ಚಿಂತೆಯಿಲ್ಲ, ನಡುವೆ ಮೇಷ್ಟ್ರೊಬ್ಬರೇ ಹಾಡುವ ಒಂದು ಸಾಲಿದೆಯಲ್ಲ, ಅವರ ಕಂಠ ಮಿಂಚುವುದು ಕರಿ ಒಂದರಲ್ಲಿ ಮಾತ್ರ. ಆ ಸಾಲಿನ ಉದ್ದಕ್ಕೂ ಅವರಿಗೆ ಉಸಿರು ಸಾಲದು. ಹಾಗಾಗಿ ಇಡೀ ಹಾಡನ್ನೇ ಓಡಿಸುತ್ತಾರೆ. ಅದಕ್ಕೆ ‘ಲವಲವಿಕೆ’ ಎಂದು ಹೆಸರು ಬೇರೆ.

ತಾಲೀಮು ಮುಚ್ಚಿಹೋದ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ, ಹಳೇ ಶೇಂಗಾ ಹಿಂಡಿಯ ವಾಸನೆಯ ನಡುವೆ. ಎಂಟು ತಿಂಗಳ ಮಗನನ್ನು ಮಡಿಲಲ್ಲಿಟ್ಟುಕೊಂಡೇ ಹಾಡುತ್ತಿದ್ದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನಾವು ಹದಿನಾಲ್ಕೂ ಜನ ನಿಧಾನವಾಗಿಬಿಡುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ. ನಿದ್ದೆಗೆ ಜಾರಿದಂತೆ ಮಗುವಿನ ಮೈ ಭಾರವಾಗುತ್ತದೆ, ತಟ್ಟುವ ಕೈ ತಾನಾಗಿ ತಗ್ಗುತ್ತದೆ, ಹಾಡು ಕೈಯ ಹಿಂದೆ ಹೋಗುತ್ತದೆ. ಫೋನು ಮಾತ್ರ ಟಕ್ ಟಕ್ ಎನ್ನುತ್ತಲೇ ಇತ್ತು. ಮೇಷ್ಟ್ರು ಕೋಲಿನಿಂದ ಕಬ್ಬಿಣದ ಕಂಬ ಬಡಿದು, ಎಳೆಯಬೇಡಿ ಎಂದು ಸಿಡುಕುತ್ತಿದ್ದರು.

ಕಾಟಮ್ಮ ಮೊಳಕಾಲ್ಮೂರಿನವಳು. ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ, ನಾಲ್ಕು ಮಕ್ಕಳನ್ನು ಸಾಕಿದ್ದಾಳೆ, ವಾರಕ್ಕೆ ಎರಡು ದಿನ ಬಸ್ಸು ಹಿಡಿದು ತಾಲೀಮಿಗೆ ಬರುತ್ತಾಳೆ. ಒಂದು ದಿನ ಅವಳೇ ಕೇಳಿದಳು.

“ಮೇಷ್ಟ್ರೇ, ನೀವು ಯಾವತ್ತಾದ್ರೂ ಒಂದು ಕೂಸು ಮಲಗಿಸೀರಾ?”

“ಅದೆಲ್ಲಾ ಮನೇಲಿ ಅವಳು ನೋಡ್ಕೊಂಡ್ಳು. ನಾನು ಸಂಗೀತದೋನು.”

“ಹಂಗಾದ್ರೆ ಇದು ಕೂಸು ಮಲಗ್ಸೋ ಹಾಡಲ್ಲ ಬಿಡ್ರಿ. ಬಸ್ಸು ಹತ್ಸೋ ಹಾಡು.”

ಶೆಡ್ಡು ನಗೆಯಿಂದ ತುಂಬಿಹೋಯಿತು. ಮೂರು ಮಕ್ಕಳ ತಂದೆಯಾದ ಮೇಷ್ಟ್ರು ಮಾರನೆಯ ತಾಲೀಮಿನಿಂದ ಕಾಟಮ್ಮನನ್ನು ಹಿಂದಿನ ಸಾಲಿಗೆ ತಳ್ಳಿದರು. ಅವರ ದೊಡ್ಡಸ್ತಿಕೆ ಅಷ್ಟೇ.

ಹೋದ ಭಾನುವಾರ ಚಿತ್ರದುರ್ಗದಲ್ಲಿ ವೃಂದಗಾನ ತಂಡಗಳ ಆಯ್ಕೆ ಇತ್ತು. ಗೆದ್ದ ತಂಡದ ಹಾಡು ರಾಜ್ಯದ ಮೇಳಕ್ಕೆ ಹೋಗುತ್ತದೆ, ಕಟ್ಟಿದವರ ಹೆಸರೂ ಜೊತೆಗೆ. ಮೇಷ್ಟ್ರು ಹೊಸ ಜುಬ್ಬಾ ಹೊಲಿಸಿದ್ದರು. ನಾವು ಓಡಿದೆವು, ಕಿರುಚಿದೆವು, ಅವರ ಸಾಲಿನಲ್ಲಿ ಅವರು ಮಿಂಚಿದರು. ತೀರ್ಪುಗಾರ್ತಿ ಒಬ್ಬರು ಹಾಡಿನ ಹೆಸರು ಕೇಳಿದರು. ಜೋಗುಳ ಎಂದಾಗ ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿ, ಒಂದು ಚೀಟಿ ಬರೆದು ಕೊಟ್ಟರು: ಗತಿ ಕವಾಯತಿನದು. ಶ್ರುತಿ ಒಬ್ಬ ಗಂಡಸಿನದು. ಭಾವ ಯಾರದೂ ಅಲ್ಲ. ರಾಗ ಚೆನ್ನಾಗಿದೆ, ತಿದ್ದಿಕೊಂಡು ಮುಂದಿನ ಭಾನುವಾರ ಬನ್ನಿ, ಇನ್ನೊಂದೇ ಅವಕಾಶ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಆ ಚೀಟಿಯನ್ನು ನಾಲ್ಕು ಸಲ ಓದಿದರು. ಮೈಕು ಸರಿಯಿರಲಿಲ್ಲವಂತೆ. ಸಭಾಂಗಣದಲ್ಲಿ ಪ್ರತಿಧ್ವನಿ ಜಾಸ್ತಿಯಂತೆ. ಬೆಳಗಿನ ಉಪ್ಪಿಟ್ಟಿಗೆ ನಮ್ಮ ಗಂಟಲು ಕೂತುಹೋಗಿತ್ತಂತೆ. ಉಪ್ಪಿಟ್ಟಿನ ಮೇಲೂ ತಪ್ಪು ಹೊರಿಸಿದ ಮನುಷ್ಯ ತನ್ನ ಮೇಲೆ ಒಂದು ಅಕ್ಷರ ಹೇಳಿಕೊಳ್ಳಲಿಲ್ಲ.

ಇವತ್ತು ಸಂಜೆ ನಮ್ಮ ಮನೆಗೆ ಬಂದರು. ನಾನು ಮಗನನ್ನು ಮಲಗಿಸುತ್ತಿದ್ದೆ. ಅವರದೇ ಹಾಡು, ನಮ್ಮ ಶ್ರುತಿಯಲ್ಲಿ. ಬಾಗಿಲ ಬಳಿ ಕೂತು ಮೊಣಕಾಲ ಮೇಲೆ ಬೆರಳಿಟ್ಟು ಎಣಿಸತೊಡಗಿದರು. ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದರು, ಮತ್ತೆ ತಪ್ಪಿತು. ಮಗ ಮಲಗಿದ. ಟೀ ಕೊಟ್ಟರೆ ಸಕ್ಕರೆ ಕಮ್ಮಿ ಎಂದರು. ತಪ್ಪಾಯಿತು ಎನ್ನುವುದು ಅವರ ನಾಲಗೆಗೆ ಇನ್ನೂ ಒಗ್ಗಿಲ್ಲ.

“ಸ್ವಪ್ನಾ, ಶ್ರುತಿ ಬಿಳಿ ಐದಕ್ಕೆ ಇಳಿಸ್ತೀನಿ. ನನ್ನ ಸಾಲು ಕಾಟಮ್ಮನೇ ಹಾಡ್ಲಿ,” ಎಂದರು, ಲೋಟದೊಳಗೆ ನೋಡುತ್ತ. “ಆದ್ರೆ ಈ ನಿಧಾನ ಐತಲ್ಲ, ಇದು ನಂಗೆ ಎಣಿಕೆಗೆ ಸಿಗವಲ್ದು. ಭಾನುವಾರ ಕೂಸಿನ್ನ ಎತ್ಕೊಂಡು ಮುಂದಿನ ಸಾಲ್ನಾಗೆ ನಿಂತ್ಕೋ. ತಟ್ತಾ ಇರು. ನಿನ್ನ ಕೈ ನೋಡ್ಕೊಂಡು ನಾನು ಕೋಲು ಆಡಿಸ್ತೀನಿ.”

ಆಮೇಲೆ ಬೀದಿಯ ಕಡೆ ಒಮ್ಮೆ ಇಣುಕಿ, ದನಿ ತಗ್ಗಿಸಿದರು.

“ನಿನ್ನ ಕೈ ನೋಡ್ಕೊಂಡು ಆಡಿಸ್ತೀನಿ ಅಂತ ಕಾಟಮ್ಮಂಗೆ ಮಾತ್ರ ಹೇಳ್ಬೇಡ, ಆಯ್ತಾ?”