ಕಟ್ಟದೆ ಹಿಡಿಯುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಆಯಮ್ಮ ಒಬ್ಬ ತಾತನನ್ನು ಮಗ್ಗುಲಿಗೆ ಹೊರಳಿಸಿ, ಒದ್ದೆ ಹಾಸನ್ನು ಎಳೆದು ಒಣ ಹಾಸು ತೂರಿಸುತ್ತಿದ್ದಾರೆ. ತಾತನ ಬಾಯಿಂದ ಬೈಗುಳದ ಸುರಿಮಳೆ. "ಬೈರಿ ತಾತ, ಬೈರಿ, ಗಂಟಲು ಚೆನ್ನಾಗಿದೆ ಅಂತಾದ್ರೂ ಗೊತ್ತಾಗತ್ತೆ" ಎಂದು ಆಯಮ್ಮ ನಗುತ್ತಾರೆ.

ಪಕ್ಕದ ಮಂಚದ ತಾತನದೇ ಚಿಂತೆ. ಒಂದು ಕಾಲದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗ ನೆನಪು ಕೈಕೊಟ್ಟಿದೆ. ಬೆಳಗಿನ ಜಾವ ಎಚ್ಚರವಾದರೆ ಅಂಗಡಿ ತೆಗೆಯಬೇಕೆಂದು ಮಂಚ ಇಳಿಯುತ್ತಾರೆ, ತಡೆದವರ ಕೈ ಹಿಡಿದು ತಿರುಚುತ್ತಾರೆ. ಕಳೆದ ವರ್ಷ ಆಯಮ್ಮನ ಮಣಿಕಟ್ಟು ಊದಿಕೊಂಡಾಗ ಹಿರಿಯ ಸಿಸ್ಟರ್ ಬಟ್ಟೆಪಟ್ಟಿ ತಂದು ತಾತನ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿಸಿದರು. ಅವರೇನು ಕಟುಕರಲ್ಲ. ತಾತ ಬಿದ್ದು ಸೊಂಟ ಮುರಿದುಕೊಂಡರೆ ಯಾರು ಹೊಣೆ?

"ಮಗು ಥರ ಅತ್ತುಬಿಟ್ರು. ನನಗೆ ನೋಡೋಕಾಗ್ಲಿಲ್ಲ" ಎನ್ನುತ್ತಾರೆ ಆಯಮ್ಮ. "ಸಿಸ್ಟರ್, ಸ್ವಲ್ಪ ದಿನ ನನಗೆ ಬಿಡಿ, ನಾನು ನೋಡ್ಕೋತೀನಿ ಅಂದೆ. ಹೇಗೆ ಅಂತ ನನಗೇ ಗೊತ್ತಿರ್ಲಿಲ್ಲ!" ತಾತ ಮಂಚ ಇಳಿದಾಗ ಮಾತ್ರ ಕಟ್ಟುವುದೆಂದು ಸಿಸ್ಟರ್ ಅರೆಮನಸ್ಸಿನಿಂದ ಒಪ್ಪಿದರು.

ದಾರಿ ತೋರಿದ್ದು ಟೈರ್ ಅಂಗಡಿಯ ಮೇಲ್ಮಹಡಿಯ ಜಿಯು-ಜಿತ್ಸು ಎಂಬ ಹಿಡಿತದ ಕುಸ್ತಿಯ ತರಗತಿಯ ಬೋರ್ಡು. ಮೊಮ್ಮಗುವನ್ನು ಆಡಿಸುವ ವಯಸ್ಸಿನಲ್ಲಿ ಆಯಮ್ಮ ಮೆಟ್ಟಿಲು ಹತ್ತಿ, "ಹೊಡೆಯೋದು ಬೇಡ ಸರ್. ಹಿಡ್ಕೊಂಡವರಿಗೆ ನೋವಾಗದ ಹಾಗೆ ಬಿಡಿಸ್ಕೊಳ್ಳೋದು ಹೇಳ್ಕೊಡ್ತೀರಾ?" ಎಂದು ಕೇಳಿದರು. "ಇದರಲ್ಲಿ ಹೊಡೆತವೇ ಇಲ್ಲಮ್ಮ. ಹಿಡಿಯೋದು, ಬಿಡಿಸ್ಕೊಳ್ಳೋದು, ಅಷ್ಟೇ" ಎಂದರು ಮಾಸ್ತರು.

ಮೊದಲ ದಿನವೇ ಆಭಾಸ. ಹೊಸಬರು ಮುಂದೆ ಕಟ್ಟಿಕೊಳ್ಳುವ ಬಿಳಿ ಬೆಲ್ಟನ್ನು ಆಯಮ್ಮ ವಾರ್ಡಿನ ಏಪ್ರನ್ ಹಾಗೆ ಬೆನ್ನ ಹಿಂದೆ ಗಂಟು ಹಾಕಿ ನಿಂತಿದ್ದರು. ಮನೆಯಲ್ಲಿ ಮಗಳು ಬೆನ್ನಿಗೆ ಎಣ್ಣೆ ತಿಕ್ಕುತ್ತಾ, "ಕುಸ್ತಿ ಪೈಲ್ವಾನರೇ, ಈ ಕಡೆ ತಿರುಗಿ" ಎಂದು ಕಾಲೆಳೆದಳು.

ಅದಕ್ಕಿಂತ ದೊಡ್ಡ ತಪ್ಪು ಮುಂದಿತ್ತು. ಅಭ್ಯಾಸದಲ್ಲಿ ಅಡಿಗೆ ಸಿಕ್ಕವರು ನರಳಿದರೆ ಸಾಕು, ಆಯಮ್ಮ "ಅಯ್ಯೋ, ನೋವಾಯ್ತಾ?" ಎಂದು ಕೈಬಿಟ್ಟು ತಲೆ ನೇವರಿಸುತ್ತಿದ್ದರು. ಇದು ತಿಳಿದದ್ದೇ ತಡ, ಎಲ್ಲರೂ ಸುಳ್ಳೇ ನರಳಿ ಜಾರಿಕೊಳ್ಳತೊಡಗಿದರು. ಮಾಸ್ತರಿಗೆ ಸಿಟ್ಟು ಬಂತು. "ಸಾಕು ಅನ್ನಿಸಿದವರು ಕೈಯಿಂದ ನೆಲ ತಟ್ತಾರೆ. ತಟ್ಟೋವರೆಗೂ ಬಿಡಬೇಡಿ."

"ತಟ್ಟೋಕೂ ತಿಳೀದವರ ಜೊತೆ ಸರ್ ನನ್ನ ಕೆಲಸ."

ಮಾರನೆಯ ದಿನದಿಂದ ಮಾಸ್ತರು ಆಕೆಗೆ ಬೇರೆಯದನ್ನೇ ಹೇಳಿಕೊಟ್ಟರು: ಬೆರಳಿನಿಂದ ಒತ್ತದೆ, ಕೀಲು ತಿರುಚದೆ, ಇಡೀ ಮೈಯಿಂದ ತಬ್ಬಿ ಹಿಡಿಯುವುದು. ನೋವಿಲ್ಲದ ಹಿಡಿತವನ್ನು ನರಳಿದರೂ ಸಡಿಲಿಸಬೇಕಿಲ್ಲ ಎಂಬುದು ಆಯಮ್ಮನ ತಲೆಗೆ ಹೋಗಲು ತಿಂಗಳುಗಳೇ ಹಿಡಿದವು.

ಕಳೆದ ತಿಂಗಳು ಒಂದು ಮುಂಜಾನೆ ಗಡಿಯಾರದ ತಾತ ಮತ್ತೆ ಕಾಲು ಕೆಳಗಿಟ್ಟರು. ಓಡಿಬಂದ ಆಯಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಹಿಂದಾದರೆ ಆಯಮ್ಮ ಕೈ ಕೊಸರುತ್ತಿದ್ದರು, ತಾತ ಮುಗ್ಗರಿಸುತ್ತಿದ್ದರು. ಈ ಸಲ ಆಯಮ್ಮ ಇನ್ನಷ್ಟು ಹತ್ತಿರ ಹೋದರು. ತಾತನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿಕೊಂಡು, ಬೆನ್ನು ಬಳಸಿ ತಬ್ಬಿ, ಅವರ ಭಾರವನ್ನೆಲ್ಲ ತಮ್ಮ ಮೈಮೇಲೆ ತೆಗೆದುಕೊಂಡು ಮಂಚದ ಅಂಚಿನಲ್ಲಿ ಕೂರಿಸಿದರು.

"ಅಂಗಡಿ ತೆಗೀಬೇಕು, ಬಿಡೇ!" ಎಂದು ತಾತ ನರಳಿದರು.

"ತೆಗೆಯೋಣ ತಾತ, ಇನ್ನೂ ಗಿರಾಕಿ ಬಂದಿಲ್ಲ." ಆಯಮ್ಮ ಕೈ ಸಡಿಲಿಸಲಿಲ್ಲ.

ಬಟ್ಟೆಪಟ್ಟಿ ಹಿಡಿದು ಓಡಿಬಂದ ಸಿಸ್ಟರ್ ಬಾಗಿಲಲ್ಲೇ ನಿಂತರು. ತಾತ ಆಯಮ್ಮನ ಹೆಗಲಿಗೆ ಒರಗಿ ಆಗಲೇ ತೂಕಡಿಸುತ್ತಿದ್ದರು. "ನಿಮ್ಮ ಪಾಳಿಯಲ್ಲಿ ಕಟ್ಟೋದು ಬೇಡ ಬಿಡಿ" ಎಂದು ಸಿಸ್ಟರ್ ಹಿಂದಿರುಗಿದರು.

ತರಗತಿಯಲ್ಲಿ ಆಯಮ್ಮ ಈಗಲೂ ಬಿಳಿ ಬೆಲ್ಟೇ, ಸೋಲುವುದೇ ಹೆಚ್ಚು. ಬಣ್ಣದ ಬೆಲ್ಟಿನ ಆಸೆ ಇಲ್ಲವೇ ಎಂದರೆ, ಯಾರೋ ತಮಾಷೆ ಮಾಡಿದಂತೆ ನಗುತ್ತಾರೆ. ಆಸೆ ಬೇರೆಯೇ ಇದೆ.

"ನಾನು ಬರದ ದಿನ ತಾತನ್ನ ಕಟ್ತಾರೆ. ಅದಕ್ಕೇ ರಜ ಹಾಕೋದೇ ಬಿಟ್ಟಿದೀನಿ. ವಾರ್ಡಿನ ಇನ್ನೊಬ್ಬಳು ಯಾರಾದ್ರೂ ಬಂದು ಇದನ್ನ ಕಲೀಲಿ. ಆಮೇಲೆ ನಾನೂ ಒಂದು ಭಾನುವಾರ ಹೊತ್ತೇರೋವರೆಗೆ ಮಲಗ್ತೀನಿ."